ಕಲಾಯಿ ಹುಸೇನ್ ಸಾಬರ ವಕೀಲ ಮಗಳು

ಹರಿಹರದ ಪೇಟೆಯಲ್ಲಿ ಕಲಾಯಿ ಹುಸೇನ್ ಸಾಬರನ್ನು ಅರಿಯದ ಹೆಂಗಸರು ಆ ಕಾಲಕ್ಕೆ ಇರಲಿಲ್ಲ. ಹಿತ್ತಾಳೆ ಪಾತ್ರೆಯ ಒಳಗಿನ ತವರ ಸವೆದು ಸಾರಿಗೆ ಕಿಲುಬಿನ ವಾಸನೆ ಹತ್ತಿತೆಂದರೆ ಆ ಪಾತ್ರೆ ನೇರ ಅವರ ತಿದಿಯ ಮುಂದೆ ಬಂದು ಕೂರುತ್ತಿತ್ತು. ಅವರು ಅದನ್ನು ಕೆಂಡದ ಮೇಲೆ ತಿರುಗಿಸಿ, ನವಸಾಗರದ ಪುಡಿ ಚಿಮುಕಿಸಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕೈ ಚುರುಕು, ಮಾತು ಕಡಿಮೆ. ಓದು ಎರಡನೇ ಕ್ಲಾಸಿಗೇ ನಿಂತಿತ್ತು. ಹೆಂಡತಿ ಖತೀಜಾಬೀ, ಒಬ್ಬಳೇ ಮಗಳು ನೂರ್ಜಹಾನ್.

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ, ಅಂದರೆ ಅರವತ್ತೇಳರಲ್ಲಿ, ಚರಿತ್ರೆಯ ಮೇಷ್ಟ್ರು ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಸ್ವಾತಂತ್ರ್ಯ ಬಂದ ದಿನ ನಿಮ್ಮೂರಲ್ಲಿ ಏನಾಯಿತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಬೇಕು. ನೂರ್ಜಹಾನ್ ನೋಟ್‌ಬುಕ್ ಹಿಡಿದು ತಿದಿಯ ಪಕ್ಕ ಕೂತಳು. ಸ್ವಾತಂತ್ರ್ಯ ಬಂದಾಗ ಹುಸೇನ್ ಸಾಬರಿಗೆ ಹದಿನೈದು ವರ್ಷ. ಬೆಳಿಗ್ಗೆ ಬಾವುಟ ಏರಿಸಿದ್ದು, ಪೆಪ್ಪರಮಿಂಟು ಹಂಚಿದ್ದು, ತಾನು ಎರಡು ಸಲ ಸಾಲಿನಲ್ಲಿ ನಿಂತು ಇಸಿದುಕೊಂಡದ್ದು, ಎಲ್ಲ ಹೇಳಿದರು. ಆಮೇಲೆ ಸಂಜೆಯದೂ ನೆನಪಾಯಿತು. ಕಲಾಯಿ ಹಾಕಿದ ತಪ್ಪಲೆಯೊಂದನ್ನು ಪೊಲೀಸ್ ದಫೇದಾರರ ಮನೆಗೆ ಕೊಡಲು ಹೋಗುವಾಗ ಪೊಲೀಸ್ ಠಾಣೆಯ ಮುಂದೆ ಬುಟ್ಟಿ ಹೆಣೆಯುವ ಅಲೆಮಾರಿ ಜನ ಎಂದಿನ ಹಾಗೆ ಸಾಲಾಗಿ ನಿಂತಿದ್ದರು. ಆ ಕಾಲದ ಕಾನೂನು ಆ ಜನರನ್ನೆಲ್ಲ ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತ್ತು. ಗಂಡಸು ಹೆಂಗಸು ಎನ್ನದೆ ಎಲ್ಲರೂ ಠಾಣೆಗೆ ಬಂದು ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಸಾಲಿನಲ್ಲಿದ್ದ ಒಬ್ಬ ಮುದುಕಿ, "ಇವತ್ತೂ ಹಾಜರಿ ಐತೇನ್ರಿ?" ಎಂದು ಕೇಳಿದಳು. ದಫೇದಾರರು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಬಂದಿರೋದು ನಿಮಗಲ್ಲ" ಎಂದರು.

ಮುದುಕಿ ಹೆಬ್ಬೆಟ್ಟು ಒತ್ತಿ ಹೋದಳು. ಹುಸೇನ್ ಸಾಬರು ಇದನ್ನು ಅದೂ ಒಂದು ಸಂಗತಿ ಎಂಬಂತೆ ಹೇಳಿ ಮುಗಿಸಿದರು. ಮಗಳು ಬರೆಯುವುದನ್ನು ನಿಲ್ಲಿಸಿದ್ದಳು.

"ಮತ್ತೆ ಅವರಿಗೆ ಯಾವಾಗ ಬಂತು, ಅಬ್ಬಾ?"

ಅವರಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಯಾರನ್ನಾದರೂ ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಹುಡುಗಿ ಆ ಪ್ರಶ್ನೆಯನ್ನು ಬಿಡಲಿಲ್ಲ. ಮೇಷ್ಟ್ರನ್ನು ಕೇಳಿದಳು, ಅವರಿಗೂ ತಿಳಿದಿರಲಿಲ್ಲ. ದಾವಣಗೆರೆಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಾ ಬಿ.ಎ.ಗೆ ಚರಿತ್ರೆಯನ್ನೇ ತೆಗೆದುಕೊಂಡಳು. ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು, "ಐದು ವರ್ಷ ತಡವಾಗಿ ಬಂದಿದೆ, ಅಬ್ಬಾ. ಐವತ್ತೆರಡರಲ್ಲಿ ಆ ಕಾನೂನು ತೆಗೆದುಹಾಕಿದ್ದಾರೆ" ಎಂದಳು. ಯಾವ ಕಾನೂನು, ಯಾರದು ಎಂದು ಹುಸೇನ್ ಸಾಬರಿಗೆ ನೆನಪಾಗಲು ಸ್ವಲ್ಪ ಹೊತ್ತೇ ಹಿಡಿಯಿತು.

ಆಮೇಲೆ ಲಾ ಓದುತ್ತೇನೆಂದಳು. ಅವಳು ಲಾ ಕಾಲೇಜಿನಲ್ಲಿದ್ದಾಗಲೇ ತುರ್ತು ಪರಿಸ್ಥಿತಿ ಬಂತು. ಕಾರಣ ಹೇಳದೆ ಹಿಡಿದು ಒಳಗೆ ಹಾಕಿದವರನ್ನು ವಿಚಾರಿಸಿಕೊಂಡು ಜೈಲಿನ ಬಾಗಿಲಿಗೆ ಅಲೆಯುತ್ತಿದ್ದ ವಕೀಲರು ದಾವಣಗೆರೆಯಲ್ಲಿ ಒಬ್ಬರಿದ್ದರು, ಪರಮೇಶ್ವರಪ್ಪ ಅಂತ. ನಲವತ್ತೆರಡರ ಚಳವಳಿಯಲ್ಲಿ ಅವರು ವಿದ್ಯಾರ್ಥಿಯಾಗಿ ವಿಚಾರಣೆಯೇ ಇಲ್ಲದೆ ಎಂಟು ತಿಂಗಳು ಜೈಲಿನಲ್ಲಿದ್ದವರು. ತನ್ನ ಮೇಲಿನ ಆರೋಪ ಏನೆಂದು ಬಾಯಿಬಿಟ್ಟು ಕೇಳುವ ಹಕ್ಕೂ ಇರದ ಆ ಎಂಟು ತಿಂಗಳೇ ತನ್ನನ್ನು ಕ್ರಿಮಿನಲ್ ವಕೀಲನನ್ನಾಗಿ ಮಾಡಿತು ಎಂದು ಹೇಳುತ್ತಿದ್ದರು. ನೂರ್ಜಹಾನ್ ಎಪ್ಪತ್ತೆಂಟರಲ್ಲಿ ಕರಿ ಕೋಟು ಹಾಕಿಕೊಂಡು ಅವರ ಕೈಕೆಳಗೆ ಸೇರಿದಳು.

ಪೇಟೆಯಲ್ಲಿ ಮಾತು ಎದ್ದಿತು. ಹೆಣ್ಣುಮಗಳು ವಕೀಲಳಾದಳೆಂದಲ್ಲ, ಕಳ್ಳರ ಪರ ನಿಲ್ಲುತ್ತಾಳೆಂದು. ಚಹಾ ಅಂಗಡಿಯ ಬುಡನ್ ಸಾಬರು ನಗುತ್ತಲೇ, "ನೀನು ಪಾತ್ರೆಗೆ ಕಲಾಯಿ ಹಾಕ್ತಿ, ನಿನ್ನ ಮಗಳು ಕಳ್ಳರಿಗೆ ಹಾಕ್ತಾಳೆ" ಎಂದರು. ಅಲ್ಲಿದ್ದವರೂ ನಕ್ಕರು. ಹುಸೇನ್ ಸಾಬರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಮನೆಯಲ್ಲಿ ಖತೀಜಾಬೀಯದು ಬೇರೆ ಚಿಂತೆ. ಇಂಥ ಕೆಲಸ ಮಾಡುವವಳನ್ನು ಯಾರು ಮದುವೆಯಾಗುತ್ತಾರೆ? ಕ್ರಯಪತ್ರ ಬರೆದುಕೊಂಡು, ಆಸ್ತಿ ಕೇಸು ನೋಡಿಕೊಂಡು ಇರಬಾರದೇ? ಎಂಬತ್ತೆರಡರ ಫೆಬ್ರವರಿಯ ಒಂದು ಸೋಮವಾರ ಹುಸೇನ್ ಸಾಬರು ತಿದಿ ಕಟ್ಟಿಟ್ಟು, ಒಗೆದ ಜುಬ್ಬಾ ಹಾಕಿಕೊಂಡು, ಪರಮೇಶ್ವರಪ್ಪನವರನ್ನೇ ಕಂಡು ಮಗಳನ್ನು ಈ ಕಡೆಯಿಂದ ಬಿಡಿಸಿ ಎಂದು ಕೇಳಿಕೊಳ್ಳಲು ದಾವಣಗೆರೆಯ ಬಸ್ಸು ಹತ್ತಿದರು.

ಕೋರ್ಟಿನ ಜಗಲಿಯಲ್ಲಿ ಪರಮೇಶ್ವರಪ್ಪ ಸಿಕ್ಕರು. ಹುಸೇನ್ ಸಾಬರು ಮಾತು ತೆಗೆಯುವಷ್ಟರಲ್ಲಿ ಅವರು, "ಬರ್ರಿ ಸಾಬ್ರೆ, ಒಳ್ಳೆ ಹೊತ್ತಿಗೆ ಬಂದೀರಿ. ಒಳಗ ನಿಮ್ಮ ಮಗಳದೇ ಕೇಸು ನಡದೈತೆ. ಮೊದಲು ಕೂತು ನೋಡ್ರಿ, ಆಮ್ಯಾಲೆ ಮಾತಾಡೋಣ" ಎಂದು ಕೈ ಹಿಡಿದು ಕೊನೆಯ ಬೆಂಚಿನಲ್ಲಿ ಕೂರಿಸಿದರು. ಕಾಗದ ನೋಡುತ್ತಾ ನಿಂತಿದ್ದ ನೂರ್ಜಹಾನ್ ತಿರುಗಿ ನೋಡಲಿಲ್ಲ.

ಕಟಕಟೆಯಲ್ಲಿ ಮೂವತ್ತು ದಾಟಿದ ಒಬ್ಬ ಹೆಂಗಸು ನಿಂತಿದ್ದಳು. ಹೆಸರು ಮೈಲಮ್ಮ. ಕಡರನಾಯಕನಹಳ್ಳಿಯ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಬುಟ್ಟಿ, ಮೊರ ಹೆಣೆದು ಊರೂರು ತಿರುಗಿ ಮಾರುವವಳು. ಹಿಂದಿನ ಜೂನ್ ತಿಂಗಳಲ್ಲಿ ಲೋಕಿಕೆರೆಯ ಜಮೀನ್ದಾರ ವಾಮದೇವಪ್ಪನವರ ಮನೆಯಿಂದ ಎರಡು ಹಿತ್ತಾಳೆ ಕೊಡ, ಒಂದು ದೊಡ್ಡ ತಪ್ಪಲೆ ಕಳುವಾಗಿದ್ದವು. ಅದಕ್ಕೆ ಎರಡು ದಿನ ಮೊದಲು ಮೈಲಮ್ಮ ಆ ಊರಲ್ಲಿ ಮೊರ ಮಾರಿದ್ದಳು. ಸೆಪ್ಟೆಂಬರಿನಲ್ಲಿ ಪೊಲೀಸರು ಅವಳ ಗುಡಿಸಲ ಹಿಂದೆ ಅಗೆದು ಪಾತ್ರೆ ತೆಗೆದರೆಂದು ಕೇಸು. ಜಾಮೀನಿಗೆ ನಿಲ್ಲುವವರಿಲ್ಲದೆ ಅವಳು ಐದು ತಿಂಗಳಿನಿಂದ ಜೈಲಿನಲ್ಲಿದ್ದಳು. ವಾಮದೇವಪ್ಪನವರ ತಾಯಿ ದ್ರಾಕ್ಷಾಯಣಮ್ಮ ಆಗಷ್ಟೇ ಸಾಕ್ಷಿ ಹೇಳಿ ಇಳಿದಿದ್ದರು. ನಮ್ಮವೂ ಹಿಂಗೇ ಇದ್ದವು, ಆದರೆ ಇವೇ ಅಂತ ಹೆಂಗೆ ಹೇಳಲಿ ಎಂದಿದ್ದರಂತೆ.

ಈಗ ಸಾಕ್ಷಿಯ ಜಾಗದಲ್ಲಿ ಸಬ್ ಇನ್ಸ್‌ಪೆಕ್ಟರ್ ನಿಂತಿದ್ದರು. ನೂರ್ಜಹಾನ್ ಮೆಲ್ಲಗೆ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಕೇಳತೊಡಗಿದಳು. ಪಾತ್ರೆಗಳು ಎಷ್ಟು ದಿನ ಮಣ್ಣಿನಲ್ಲಿದ್ದವು? ಹೆಚ್ಚುಕಡಿಮೆ ಮೂರು ತಿಂಗಳು ಎಂದರು ಅವರು. ಮಳೆಗಾಲದ ಮೂರು ತಿಂಗಳು ಅಲ್ಲವೇ? ಹೌದು. ತೆಗೆದ ಮೇಲೆ ತೊಳೆದಿರೇ? ಇಲ್ಲ, ಇದ್ದ ಹಾಗೆಯೇ ಅಲ್ಲೇ ಬಟ್ಟೆ ಸುತ್ತಿ ಸೀಲು ಹಾಕಿದೆವು.

ಕೊನೆಯ ಬೆಂಚಿನಲ್ಲಿ ಹುಸೇನ್ ಸಾಬರು ನೆಟ್ಟಗೆ ಕೂತರು. ಮೂರು ವಾರದ ಹಿಂದೆ ಊಟದ ಹೊತ್ತಿನಲ್ಲಿ ಮಗಳು, ಹಿತ್ತಾಳೆ ಒದ್ದೆ ಮಣ್ಣಿನಲ್ಲಿ ಹೂತರೆ ಏನಾಗುತ್ತದೆ ಎಂದು ಕೇಳಿದ್ದಳು. ಅವರು ರೊಟ್ಟಿ ಮುರಿಯುತ್ತಲೇ, ಮೈಯೆಲ್ಲ ಕಪ್ಪಾಗುತ್ತದೆ, ಹಸಿರು ಕಿಲುಬು ಕೂರುತ್ತದೆ, ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಕಂಠದ ಬೆಸುಗೆಯ ಸಂದಿನಲ್ಲಿ ಮಾತ್ರ ಉಳಿದೇ ಇರುತ್ತದೆ ಎಂದಿದ್ದರು. ಸುಮ್ಮನೆ ಕೇಳಿದಳು ಎಂದುಕೊಂಡಿದ್ದರು.

ಅವಳ ಕೋರಿಕೆಯಂತೆ ಸೀಲು ಒಡೆದು ಕೊಡವನ್ನು ಮೇಜಿನ ಮೇಲಿಟ್ಟರು. ಬಟ್ಟೆಯೊಳಗೆ ಐದು ತಿಂಗಳಿದ್ದು ಕೊಂಚ ಮಂಕಾಗಿತ್ತು, ಅಷ್ಟೇ. ಒಂದು ಚೂರೂ ಮಣ್ಣಿಲ್ಲ, ಹಸಿರಿನ ಚುಕ್ಕೆ ಇಲ್ಲ. ನೂರ್ಜಹಾನ್ ಕಂಠದ ಬೆಸುಗೆಯುದ್ದಕ್ಕೂ ಬೆರಳಾಡಿಸಿ, ಏನೂ ಹತ್ತದ ಬೆರಳನ್ನು ಮೇಲೆತ್ತಿದಳು. ಮ್ಯಾಜಿಸ್ಟ್ರೇಟರು ಕನ್ನಡಕ ಹಾಕಿಕೊಂಡು ಕೊಡವನ್ನು ಹತ್ತಿರ ತರಿಸಿ, ತಾವೂ ಒಳಗೆ ಬೆರಳಿಟ್ಟು ನೋಡಿದರು. ನೋಡಿ, ಬೆರಳನ್ನು ಬಹಳ ಹೊತ್ತು ಬೆಳಕಿಗೆ ಹಿಡಿದರು. ಹುಸೇನ್ ಸಾಬರು ಬೆಂಚಿನಿಂದ ಅರ್ಧ ಎದ್ದು ನೋಡುತ್ತಿದ್ದರು. ತಾನು ಮೂವತ್ತು ವರ್ಷ ಹೊಗೆಯಲ್ಲಿ ಕೂತು ಕಲಿತದ್ದು ಈ ದೊಡ್ಡ ಕೋಣೆಯಲ್ಲಿ, ಇಷ್ಟು ಓದಿದವರ ಮುಂದೆ, ಒಂದು ಜೀವದ ಪರವಾಗಿ ನಿಂತಿತ್ತು.

ಅವಳು ಇನ್ನೂ ಮುಗಿಸಿರಲಿಲ್ಲ.

"ಲೋಕಿಕೆರೆಯಿಂದ ಅಷ್ಟು ದೂರದ ಈ ಗುಡಿಸಲಿಗೇ ಯಾಕೆ ಹೋದಿರಿ?"

"ಆ ಜನದ ಕಸುಬೇ ಅದು. ಠಾಣೆಯ ಹಳೇ ಪುಸ್ತಕದಲ್ಲಿ ಹೆಸರೈತೆ."

"ಮೈಲಮ್ಮನ ಹೆಸರೇ?"

"ಅವಳದಲ್ಲ. ಅವಳ ಅಜ್ಜಿಯದು."

ನೂರ್ಜಹಾನ್ "ಇಷ್ಟೇ, ಸ್ವಾಮಿ" ಎಂದು ಕೂತಳು. ಹುಸೇನ್ ಸಾಬರು ಪರಮೇಶ್ವರಪ್ಪನವರಿಗೆ ಹೇಳಬೇಕಾದ ಮಾತನ್ನು ಹೇಳದೆಯೇ ಊರಿಗೆ ಮರಳಿದರು.

ಎರಡು ವಾರದ ನಂತರ ವಾದದ ದಿನ ಯಾರೂ ಕರೆಯದೆಯೇ ಮತ್ತೆ ಹೋಗಿ ಅದೇ ಬೆಂಚಿನಲ್ಲಿ ಕೂತರು. ನೂರ್ಜಹಾನ್ ಮೊದಲು ಕೊಡದ ಮಾತು ಮುಗಿಸಿದಳು. ಆಮೇಲೆ ಕಾಗದ ಕೆಳಗಿಟ್ಟಳು. ಬ್ರಿಟಿಷರು ನೂರಾ ಹತ್ತು ವರ್ಷದ ಹಿಂದೆ ಮಾಡಿದ ಕಾನೂನಿನಿಂದ ಹಿಡಿದು, ಅಂಥದೇ ನಿಯಮ ಮೈಸೂರು ಸೀಮೆಗೂ ಬಂದದ್ದು, ಹೊಟ್ಟೆಯಲ್ಲಿರುವ ಮಗುವೂ ಕಳ್ಳನ ಪಟ್ಟಿಗೆ ಸೇರುತ್ತಿದ್ದುದು, ಎಲ್ಲವನ್ನೂ ಇಸವಿಗಳ ಸಮೇತ ಬಿಡಿಸಿ ಹೇಳಿದಳು. ದನಿ ಏರಿಸಲಿಲ್ಲ.

"ಸ್ವಾಮಿ, ಸ್ವಾತಂತ್ರ್ಯ ಬಂದ ದಿನ ಸಂಜೆ ಹರಿಹರದಲ್ಲಿ ಒಬ್ಬ ಮುದುಕಿ ಹಾಜರಿ ಕೊಡಲು ನಿಂತಿದ್ದಳು. ಇವತ್ತೂ ಇದೆಯಾ ಎಂದು ಕೇಳಿದ್ದಕ್ಕೆ, ಬಂದಿರೋದು ನಿಮಗಲ್ಲ ಎಂಬ ಉತ್ತರ ಸಿಕ್ಕಿತು. ಅದನ್ನು ಕಣ್ಣಾರೆ ಕಂಡವರು ನನಗೆ ಹೇಳಿದ್ದಾರೆ. ಅದು ಈ ಕೇಸಿಗೆ ಸಾಕ್ಷಿಯಲ್ಲ, ನನಗೆ ಗೊತ್ತು. ಆ ಮುದುಕಿ ಇವಳ ಅಜ್ಜಿಯೋ ಅಲ್ಲವೋ, ಅದೂ ಗೊತ್ತಿಲ್ಲ. ಆದರೆ ಕಾನೂನು ಹೋಗಿ ಮೂವತ್ತು ವರ್ಷವಾದರೂ ಆ ಪುಸ್ತಕ ಠಾಣೆಯ ಮೇಜಿನ ಮೇಲೇ ಇದೆ ಎಂದು ಸಬ್ ಇನ್ಸ್‌ಪೆಕ್ಟರೇ ಇಲ್ಲಿ ಪ್ರಮಾಣ ಮಾಡಿ ಹೇಳಿದ್ದಾರೆ. ಆ ಪುಸ್ತಕ ಬಿಟ್ಟರೆ ಇವಳ ಮೇಲೆ ಬೇರೇನೂ ಇಲ್ಲ."

ಹುಸೇನ್ ಸಾಬರು ಹದಿನೈದು ವರ್ಷದ ಹುಡುಗನಾಗಿ ತಪ್ಪಲೆ ಹಿಡಿದು ನಿಂತು ನೋಡಿ ಬಂದದ್ದು ಅದು. ಅವರು ಅದನ್ನು ಹೇಳಿ ಮರೆತಿದ್ದರು. ಇವಳು ಅದನ್ನೇ ಹೊತ್ತುಕೊಂಡು ಇಷ್ಟು ದೂರ ನಡೆದಿದ್ದಳು. ಮಗಳಿಗೆ ಅನ್ನ ಹಾಕಿದ್ದೇನೆ, ಫೀಜು ಕಟ್ಟಿದ್ದೇನೆ ಎಂದು ಗೊತ್ತಿತ್ತು. ಇದನ್ನೂ ಕೊಟ್ಟಿದ್ದೇನೆಂದು ಗೊತ್ತಿರಲಿಲ್ಲ. ಮುಂದೆ ನಿಂತಿದ್ದವಳನ್ನು ಮಗಳೆಂದು ನೋಡಲು ಆ ಹೊತ್ತು ಅವರಿಗೆ ಸಾಧ್ಯವಾಗಲಿಲ್ಲ. ಮಸೀದಿಯಲ್ಲಿ ಕೂರುವ ಹಾಗೆ ಕೈಕಟ್ಟಿ ಕೂತುಬಿಟ್ಟರು.

ಮಾರ್ಚ್ ಕೊನೆಯಲ್ಲಿ ಮೈಲಮ್ಮನ ಬಿಡುಗಡೆಯ ತೀರ್ಪಾಯಿತು. ಅದನ್ನು ಓದಿ ಹೇಳಿದಾಗ ಅವಳಿಗೆ ಅರ್ಥವಾಗಲಿಲ್ಲ. ಪೊಲೀಸಿನವರು ಪಕ್ಕದಿಂದ ಸರಿದು ಹೋದಾಗಲೂ ನಿಂತಲ್ಲೇ ನಿಂತಿದ್ದಳು. ನೂರ್ಜಹಾನ್ ಅವಳ ತೋಳು ಹಿಡಿದು ಹೊರಗೆ ಕರೆತಂದಳು.

"ಇನ್ನ ನಾನು ಎಲ್ಲಿಗೆ ಬೇಕಾದ್ರೂ ಹೋಗಬೌದೇನ್ರವ್ವಾ?" ಎಂದಳು ಮೈಲಮ್ಮ.

"ಎಲ್ಲಿಗೆ ಬೇಕಾದ್ರೂ."

"ಯಾರಿಗೂ ಹೇಳದಂಗೆ?"

"ಯಾರಿಗೂ ಹೇಳಬೇಕಂತಿಲ್ಲ."

ಅವತ್ತೂ ಬಂದಿದ್ದ ಹುಸೇನ್ ಸಾಬರೂ ಸೇರಿ ಮೂವರೂ ಹರಿಹರದ ಒಂದೇ ಬಸ್ಸಿಗೆ ಹತ್ತಿದರು. ಮೈಲಮ್ಮ ನಿಂತೇ ಇರಲು ಹೋದಾಗ ಹುಸೇನ್ ಸಾಬರು ಎದ್ದು, "ಕೂಡ್ರಿ ತಾಯಿ" ಎಂದು ತಮ್ಮ ಸೀಟು ಬಿಟ್ಟುಕೊಟ್ಟರು. ಅವಳು ಕಿಟಕಿಗೆ ಹಣೆ ಆನಿಸಿ ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ಮರುದಿನ ಚಹಾ ಅಂಗಡಿಯಲ್ಲಿ ಬುಡನ್ ಸಾಬರು ಹಳೇ ತಮಾಷೆ ತೆಗೆದಾಗ ಹುಸೇನ್ ಸಾಬರು ಬೇಸರಿಸಲಿಲ್ಲ. ಕೊಡದ ಕಂಠದಿಂದ ಶುರುಮಾಡಿ ಕೇಸನ್ನು ಪೂರ್ತಿ ಹೇಳಿದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ಆ ಅಂಗಡಿಯಲ್ಲಿ ಯಾರೂ ಕಂಡಿರಲಿಲ್ಲ. ಬುಡನ್ ಸಾಬರು ಆಮೇಲೆ ಆ ತಮಾಷೆ ಬಿಟ್ಟರು.

ಮುಂದಿನ ವರ್ಷಗಳಲ್ಲಿ ಸ್ಟೀಲು ಪಾತ್ರೆ ಮನೆಮನೆಗೂ ಬಂತು, ಕಲಾಯಿಗೆ ಗಿರಾಕಿ ಕಡಿಮೆಯಾದರು. ಹುಸೇನ್ ಸಾಬರಿಗೆ ಸೋಮವಾರ ಕೋರ್ಟಿಗೆ ಹೋಗುವುದು ರೂಢಿಯಾಯಿತು. ಎಂಬತ್ತಾರರಲ್ಲಿ ಪರಮೇಶ್ವರಪ್ಪ ತೀರಿಕೊಂಡ ಮೇಲೆ ಅವರ ಪುಸ್ತಕಗಳೆಲ್ಲ ನೂರ್ಜಹಾನಳಿಗೆ ಬಂದವು. ಅವಳು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಎರಡು ಕೋಣೆ ಹಿಡಿದು ಆಫೀಸು ಮಾಡಿದಳು. ಮದುವೆಯಾಗಲಿಲ್ಲ. ಖತೀಜಾಬೀ ಕೆಲವು ವರ್ಷ ಅತ್ತು, ಆಮೇಲೆ ಮನೆಗೂ ಬರುವ ಕಕ್ಷಿದಾರರಿಗೆ ಚಹಾ ಮಾಡಿಕೊಡುವುದರಲ್ಲಿ ಅದನ್ನು ಮರೆತರು.

ಎಲ್ಲ ಕೇಸೂ ಗೆಲ್ಲುತ್ತಿರಲಿಲ್ಲ. ಎಂಬತ್ತೆಂಟರಲ್ಲಿ ಶಬ್ಬೀರ್ ಎಂಬ ಮಂಡಕ್ಕಿ ಭಟ್ಟಿಯ ಕೂಲಿಯವನಿಗೆ ದರೋಡೆ ಕೇಸಿನಲ್ಲಿ ಏಳು ವರ್ಷ ಶಿಕ್ಷೆಯಾಯಿತು. ಅವನು ಮಾಡಿಲ್ಲವೆಂದು ಅವಳು ನಂಬಿದ್ದಳು. ಪೊಲೀಸ್ ವ್ಯಾನಿನವರೆಗೂ ಅವನ ಜೊತೆ ನಡೆದು ಹೋಗಿ, ಅಪೀಲಿಗೆ ಎಷ್ಟು ದಿನವಿದೆ ಎಂದು ಎರಡು ಸಲ ಹೇಳಿದಳು. ಅಲ್ಲಿಂದ ನೇರ ಆಫೀಸಿಗೆ ಬಂದು, ಊಟದ ಡಬ್ಬಿ ಮುಟ್ಟದೆ ಅಪೀಲು ಬರೆಯಲು ಕೂತಳು. ಬಾಗಿಲಲ್ಲಿ ನಿಂತಿದ್ದ ಹುಸೇನ್ ಸಾಬರು ಇವತ್ತೊಂದು ದಿನ ಸುಮ್ಮನಿರು ಬೇಟಿ ಎನ್ನಬೇಕೆಂದುಕೊಂಡರು. ಅವಳ ಪೆನ್ನು ಆಗಲೇ ಎರಡನೇ ಪುಟಕ್ಕೆ ಹೋಗಿತ್ತು. ಅವರು ಸದ್ದಾಗದಂತೆ ಕುರ್ಚಿ ಎಳೆದುಕೊಂಡು, ಅವಳು ಬರೆದು ಮುಗಿಸುವವರೆಗೂ ಎದುರಿಗೆ ಕೂತರು.