ಕೋಟಿನ ಒಳಜೇಬು

ಇಸ್ತ್ರಿಯಕ್ಕನ ಮನೆಯಲ್ಲಿ ದೊಡ್ಡ ಕಾನೂನು ಎಂದರೆ ಒಂದೇ. ಬಟ್ಟೆ ಯಾರದೇ ಆಗಲಿ, ಕೈಗೆ ಬಂದ ಕೂಡಲೇ ಮೊದಲು ಜೇಬು ನೋಡಬೇಕು. ಲಾಂಡ್ರಿಯ ಕೆಲಸ ಕಲಿಸಿದ ಪಾಠ ಅದು. ಯಾರದೋ ಜೇಬಿನಲ್ಲಿ ಉಳಿದ ಪೆನ್ನು ಇಡೀ ಹೊರೆ ಬಿಳಿ ಅಂಗಿಗಳನ್ನು ನೀಲಿ ಮಾಡಿದ್ದನ್ನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಂಡಿದ್ದಳು, ಮಾಲೀಕನ ಬೈಗುಳವನ್ನೂ ತಿಂದಿದ್ದಳು. ಅವಳ ಮಗಳಿಗೆ ಅಕ್ಷರ ಬರುವ ಮುಂಚೆ ಜೇಬು ತಡಕುವುದು ಬಂದಿತ್ತು. "ಈ ಮನೇಲಿ ಕೋಟು ಬಿಚ್ಚೋ ಹಾಗೇ ಇಲ್ಲ, ತಾಯಿ ಮಗಳು ಇಬ್ರೂ ಪೊಲೀಸರ ಥರ ಮುಗಿಬೀಳ್ತಾರೆ," ಎಂದು ಅಳಿಯ ಮದುವೆಯಾದ ಹೊಸದರಲ್ಲಿ ನಗೆಯಾಡುತ್ತಿದ್ದ. ಪೊಲೀಸರು ಎಂಬ ಮಾತು ಬಂದರೆ ಅತ್ತೆ ಮಾತ್ರ ನಗುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಅವಳೂ ಅವಳ ಗಂಡನೂ ಈ ದೇಶಕ್ಕೆ ಬಂದಾಗ ಮಗಳು ಕಂಕುಳ ಕೂಸು. ಮೂವರಿಗೂ ಸೇರಿ ಒಂದೇ ಪಾಸ್‌ಪೋರ್ಟು. ಮೊದಲ ಪುಟದಲ್ಲಿ ಗಂಡನ ಫೋಟೋ, ಅದರ ಮಗ್ಗುಲಲ್ಲಿ ಕೂಸನ್ನೆತ್ತಿಕೊಂಡ ಇವಳ ಫೋಟೋ, ಒಳಪುಟದಲ್ಲಿ ಬಂದಿಳಿದ ದಿನದ ಮುದ್ರೆ. ಆಗೆಲ್ಲ ಹಾಗೆಯೇ ನಡೆಯುತ್ತಿತ್ತು. ಹೆಂಡತಿ ಮಕ್ಕಳು ಗಂಡನ ಸಾಮಾನಿನ ಲೆಕ್ಕ. ಬಂದ ವರ್ಷವೇ ಎದುರು ಬಾಗಿಲಿನ ಬಡಗಿಯೊಬ್ಬ ಸಿಗರೇಟು ತರುತ್ತೇನೆಂದು ಮೆಟ್ಟಿಲಿಳಿದವನು ವಾಪಸು ಬರಲಿಲ್ಲ. ಅವನ ಕಾಗದಪತ್ರವೆಲ್ಲ ಸರಿಯಾಗಿಯೇ ಇತ್ತು, ಮನೆಯ ಮೇಜಿನ ಮೇಲೆ. ದಾರಿಯಲ್ಲಿ ಪೊಲೀಸರು ತಡೆದು ಕೇಳಿದಾಗ ಕೈಯಲ್ಲಿರಲಿಲ್ಲ, ಅಷ್ಟೇ. ಅವನ ಕೆಲಸದ ಬೂಟುಗಳು ತಿಂಗಳುಗಟ್ಟಲೆ ಬಾಗಿಲ ಮುಂದೆ ಹಾಗೇ ಬಿದ್ದಿದ್ದವು.

ಅಂದಿನಿಂದ ಅವಳ ಗಂಡ ಪಾಸ್‌ಪೋರ್ಟನ್ನು ಕೋಟಿನ ಒಳಜೇಬಿನಲ್ಲಿಡದೆ ಹೊಸ್ತಿಲು ದಾಟಲಿಲ್ಲ. ಅವನು ಗೋದಾಮೊಂದರ ಕಾವಲುಗಾರ. ಕೆಲಸಕ್ಕೂ ಅದೇ ಕೋಟು, ಕಸ ಚೆಲ್ಲಲು ಹೋಗುವಾಗಲೂ ಅದೇ ಕೋಟು, ಸುಡುಬಿಸಿಲಲ್ಲೂ ಅದೇ. ಪಾಸ್‌ಪೋರ್ಟಿನ ಅವಧಿ ಮುಗಿಯಿತು, ಮೂವರಿಗೂ ಬೇರೆ ಬೇರೆ ಗುರುತಿನ ಚೀಟಿ ಬಂತು, ಆದರೂ ಅಭ್ಯಾಸ ಬಿಡಲಿಲ್ಲ. ಹಾವು ಕಡಿದವನಿಗೆ ಹಗ್ಗ ಕಂಡರೂ ಭಯ ಎನ್ನುತ್ತಾರೆ. ಇವರನ್ನು ಹಾವು ಕಡಿದೇ ಇರಲಿಲ್ಲ. ಎದುರು ಮನೆಯವನನ್ನು ಕಡಿದದ್ದೇ ಜನ್ಮಕ್ಕೆ ಸಾಕಾಗಿತ್ತು.

ಉಳಿದ ಕಾಗದಗಳ ಕಾವಲು ಇಸ್ತ್ರಿಯಕ್ಕನದು. ಬಿಸ್ಕತ್ತಿನ ದೊಡ್ಡ ಡಬ್ಬಿ, ಅದರೊಳಗೆ ಲಾಂಡ್ರಿಯ ಪ್ಲಾಸ್ಟಿಕ್ ಚೀಲ, ಚೀಲದ ಮೂಲೆಯಲ್ಲಿ ನುಸಿಗುಳಿಗೆ. ನೀರು ನುಗ್ಗಿದರೆ ಎಂದು ಡಬ್ಬಿ ಎತ್ತರದ ಅಟ್ಟದ ಮೇಲೆ. ಬೆಂಕಿ ಬಿದ್ದರೆ ಎತ್ತಿಕೊಂಡು ಓಡಬೇಕಲ್ಲ ಎಂದು ಆ ಅಟ್ಟ ಬಾಗಿಲ ಪಕ್ಕಕ್ಕೆ. ವರ್ಷಕ್ಕೊಮ್ಮೆ ಎಲ್ಲವನ್ನೂ ತೆಗೆದು, ಮೇಲೆ ತೆಳುಬಟ್ಟೆ ಹಾಸಿ, ಉಗುರುಬೆಚ್ಚಗಿನ ಇಸ್ತ್ರಿ ಆಡಿಸಿ, ಮತ್ತೆ ಮಡಿಸಿಡುವಳು. ಸರ್ಕಾರ ಆಗೋದಿಲ್ಲ ಎಂದು ಬರೆದ ಪತ್ರಗಳನ್ನೂ ಎಸೆದವಳಲ್ಲ.

ಅಳಿಯನ ದಾರಿಯೇ ಬೇರೆ. ಅವನು ಕಚೇರಿಯೊಂದರ ಗುಮಾಸ್ತ. "ಯಾವ ಕಾಗದಕ್ಕೂ ಏಳು ವರ್ಷ ಆಯಸ್ಸು ಅತ್ತೆ, ಆಮೇಲೆ ಹರಿದುಹಾಕ್ಬೇಕು," ಎನ್ನುತ್ತಿದ್ದ. ಕಪಾಟಿನಲ್ಲಿ ಅವನ ಫೈಲುಗಳ ಬೆನ್ನಿಗೆಲ್ಲ ಚೀಟಿ, ಚೀಟಿಯ ಮೇಲೆ ಅವು ಸಾಯಬೇಕಾದ ವರ್ಷ. ಯಂತ್ರಗಳ ಗ್ಯಾರಂಟಿಗೆ ಮಾತ್ರ ವಿನಾಯಿತಿ. ಫ್ರಿಜ್ಜು ಇರುವವರೆಗೆ ಫ್ರಿಜ್ಜಿನ ಕಾಗದ ಇರತಕ್ಕದ್ದು. ಮನುಷ್ಯರ ಕಾಗದಕ್ಕಿಂತ ಫ್ರಿಜ್ಜಿನ ಕಾಗದಕ್ಕೆ ಹೆಚ್ಚು ಮರ್ಯಾದೆಯಿದ್ದ ಮನೆ ಅದು.

ಹೀಗಿರುವಾಗ ವಲಸೆ ಕಚೇರಿಯ ಪತ್ರವೊಂದು ಬಂತು. ಊಟದ ಮೇಜಿನಲ್ಲಿ ಅಳಿಯ ಓದಿ ಹೇಳಿದ. ಹಳೆಯ ಕಡತಗಳನ್ನು ಕಂಪ್ಯೂಟರಿಗೆ ಏರಿಸುವಾಗ ಇವರು ಮೊದಲು ದೇಶಕ್ಕೆ ಬಂದ ದಾಖಲೆ ಸಿಗಲಿಲ್ಲವಂತೆ. ಇಸ್ತ್ರಿಯಕ್ಕನೂ ಅವಳ ಜೊತೆ ಬಂದ ಮಗುವೂ ಕಾನೂನಿನ ಪ್ರಕಾರವೇ ಒಳಬಂದರು ಎನ್ನುವುದಕ್ಕೆ ಮೂಲ ಕಾಗದ ತರಬೇಕಂತೆ. ತಾರದಿದ್ದರೆ ಇಬ್ಬರ ವಾಸದ ಹಕ್ಕನ್ನೂ ಮತ್ತೆ ವಿಚಾರಿಸುತ್ತಾರಂತೆ.

"ಇಷ್ಟೇ ತಾನೇ? ಮಾವನ ಹಳೇ ಪಾಸ್‌ಪೋರ್ಟ್ ತೋರಿಸಿದ್ರೆ ಮುಗೀತು," ಎಂದ ಅಳಿಯ. "ಎಲ್ಲಿದೆ ಅತ್ತೆ ಅದು?"

"ಡಬ್ಬೀಲಿದೆ," ಎಂದಳು ಇಸ್ತ್ರಿಯಕ್ಕ. ಮಗಳು ಇತ್ತ ತಿರುಗಲಿಲ್ಲ, ತೊಳೆದಿಟ್ಟ ಲೋಟವನ್ನೇ ಎತ್ತಿಕೊಂಡು ಮತ್ತೆ ತೊಳೆಯತೊಡಗಿದಳು.

ಡಬ್ಬಿಯಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಗಂಡ ಗೋದಾಮಿನ ಗೇಟಿನಲ್ಲೇ ಎದೆನೋವಿನಿಂದ ಕುಸಿದು ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ಅಂತ್ಯಕ್ರಿಯೆಯ ದಿನ ಅವನಿಗೆ ತೊಡಿಸಲು ಆ ಕೋಟನ್ನು ಅವಳೇ ಇಸ್ತ್ರಿ ಮಾಡಿದ್ದಳು. ಒಳಜೇಬಿನಿಂದ ಪಾಸ್‌ಪೋರ್ಟು ತೆಗೆದವಳು, ಯಾರೂ ನೋಡದಂತೆ ಮತ್ತೆ ಅಲ್ಲೇ ಇಟ್ಟುಬಿಟ್ಟಿದ್ದಳು. ಬದುಕಿದ್ದಾಗ ಒಂದು ದಿನವೂ ಅದಿಲ್ಲದೆ ಹೊರಗೆ ಹೋದವನಲ್ಲ. ಹೋಗುವ ದಾರಿ ಎಂಥದೋ, ಅಲ್ಲಿ ಯಾರು ಅಡ್ಡ ಹಾಕಿ ಏನು ಕೇಳುತ್ತಾರೋ! ಅಷ್ಟು ದೂರದ ಪ್ರಯಾಣಕ್ಕೆ ಗಂಡನನ್ನು ಬರಿಜೇಬಿನಲ್ಲಿ ಕಳಿಸುವುದು ಅವಳಿಂದಾಗಲಿಲ್ಲ. ಓದಿದವರು ಇದನ್ನು ಹುಚ್ಚು ಎನ್ನಬಹುದು. ಎದುರು ಮನೆಯ ಬೂಟುಗಳನ್ನು ದಿನಾ ದಾಟಿಕೊಂಡು ಓಡಾಡಿದವರು ಹಾಗನ್ನಲಾರರು.

ಈಗ ಆ ಭಯವೇ ತಿರುಗಿ ಕುತ್ತಿಗೆಗೆ ಬಂದಿತ್ತು. ತನ್ನದು ಹಾಳಾಗಲಿ ಎಂದುಕೊಂಡಳು, ಆದರೆ ಮಗಳು? ಈ ನೆಲ ಬಿಟ್ಟು ಬೇರೆ ನೆಲದ ನೆನಪೇ ಇಲ್ಲದ ಮಗಳು, ಗಂಡ ಮಕ್ಕಳು ಕಟ್ಟಿಕೊಂಡ ಮಗಳು! ಕರೆಗಂಟೆ ಸದ್ದಾದರೆ ಮೊದಲು ಕಿಟಕಿಯ ಪರದೆ ಸರಿಸಿ ಬೀದಿ ನೋಡುತ್ತಿದ್ದಳು. ಲಾಂಡ್ರಿಯಲ್ಲಿ ಬೀದಿಯ ಸೈರನ್ ಕೇಳಿ ಕೈ ನಿಂತುಹೋಗಿ, ವಕೀಲರೊಬ್ಬರ ಅಂಗಿಯ ಬೆನ್ನ ಮೇಲೆ ಇಸ್ತ್ರಿಯ ಅಚ್ಚು ಬಿತ್ತು. ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದನ್ನು ಮಾಲೀಕ ಎಂದೂ ಕಂಡಿರಲಿಲ್ಲ. "ಏನಕ್ಕಾ, ಮೈಗೆ ಹುಷಾರಿಲ್ವಾ?" ಎಂದನೇ ಹೊರತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಡೆಯಲಾರದೆ ಒಬ್ಬಳೇ ವಲಸೆ ಕಚೇರಿಗೆ ಹೋದಳು. ಗಾಜಿನ ಹಿಂದೆ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ನಕಲು ನಡೆಯುತ್ತದಾ ಎಂದು ಇಸ್ತ್ರಿಯಕ್ಕ ಕೇಳಿದಳು.

"ಇಲ್ಲಮ್ಮ, ಮೂಲಾನೇ ಬೇಕು. ಮುದ್ರೆ ನೋಡ್ಬೇಕು ನಾವು."

"ಅದರ ಅವಧಿ ಮುಗಿದು ಬಹಳ ಕಾಲ ಆಯ್ತಲ್ಲ. ಅಂಥದ್ದನ್ನ ಎಷ್ಟು ವರ್ಷ ಅಂತ ಇಟ್ಕೋಬೇಕು?"

"ಮುಗಿದಿದ್ರೂ ಎಸೀಬಾರದು. ನೀವು ಇರೋವರೆಗೂ ಇಟ್ಕೋಬೇಕು," ಎಂದಳು ಹೆಂಗಸು. ಗದರಿಸಿ ಹೇಳಿದ್ದಲ್ಲ, ಹವಾಮಾನ ಹೇಳುವವರ ಹಾಗೆ ಹೇಳಿದಳು.

"ಅಕಸ್ಮಾತ್ ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ವಿಚಾರಣೆ. ಮುಗಿಯೋವರೆಗೆ ಕೆಲಸ ಮಾಡೋ ಹಾಗಿಲ್ಲ."

"ನನ್ನ ಮಗಳೂ?"

ಹೆಂಗಸು ಪರದೆ ನೋಡಿದಳು. "ಮಗಳದ್ದೂ ಇದರ ಮೇಲೇ ನಿಂತಿದೆಯಮ್ಮ."

ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಾಗಲಿಲ್ಲ. ಅಳಿಯ ಇನ್ನೂ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಮಗಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಇಸ್ತ್ರಿಯಕ್ಕ ಕುರ್ಚಿ ಎಳೆದು ಕೂತಳು.

"ಅದು ಡಬ್ಬೀಲಿಲ್ಲ ಕಣೇ," ಎಂದಳು. "ನಿಮ್ಮಪ್ಪನ ಜೊತೆ ಕಳ್ಸಿಬಿಟ್ಟೆ. ಕೋಟಿನ ಜೇಬಲ್ಲಿ ನನ್ನ ಕೈಯಾರೆ ಇಟ್ಟೆ. ನಿನ್ನ ಬಾಳನ್ನೂ ಅದರ ಜೊತೆಗೇ ಕಳ್ಸಿದೆ ಅಂತ ಗೊತ್ತಿರ್ಲಿಲ್ಲ." ಮುಖ ಮುಚ್ಚಿಕೊಂಡು ಅತ್ತಳು.

ಮಗಳು ಎದ್ದು ಹೋಗಿ ಗಂಡನ ಕಪಾಟು ತೆಗೆದು, ಒಂದು ಫೈಲು ತಂದು ತಾಯಿಯ ಮುಂದಿಟ್ಟಳು. ಬೆನ್ನಿನ ಮೇಲೆ ಅಳಿಯನ ದುಂಡು ಅಕ್ಷರದಲ್ಲಿ "ಫ್ರಿಜ್ಜು" ಎಂದಿತ್ತು. ಒಳಗೆ ಗ್ಯಾರಂಟಿ ಕಾಗದದ ಹಿಂದೆ, ನುಸಿಗುಳಿಗೆಯ ವಾಸನೆಯ ಲಾಂಡ್ರಿ ಚೀಲದಲ್ಲಿ, ಅಂಚು ಸವೆದ ಆ ಪಾಸ್‌ಪೋರ್ಟು.

"ಪೆಟ್ಟಿಗೆ ಮುಚ್ಚೋ ಮುಂಚೆ ಅಪ್ಪನ ಕೋಟಿನ ಕಾಲರ್ ಸರಿ ಮಾಡ್ತಿದ್ದೆ," ಎಂದಳು ಮಗಳು. "ಕೈ ತಾನಾಗೇ ಜೇಬಿಗೆ ಹೋಯ್ತಮ್ಮ. ನೀನೇ ಕಲ್ಸಿದ್ದಲ್ವಾ? ಇದು ಸಿಕ್ತು. ನೀನೇ ಇಟ್ಟಿರ್ತೀಯ ಅಂತ ಆಗ್ಲೇ ಗೊತ್ತಾಯ್ತು. ವಾಪಸ್ ಇಡೋಣ ಅಂದ್ಕೊಂಡೆ. ಬಿಚ್ಚಿ ನೋಡಿದೆ, ನಿನ್ನ ಕಂಕುಳಲ್ಲಿ ನಾನಿದ್ದೆ. ಭಯ ಆಯ್ತು. ತಗೊಂಡುಬಿಟ್ಟೆ."

ಇಸ್ತ್ರಿಯಕ್ಕ ಪುಟ ತಿರುವಿದಳು. ಮುದ್ರೆ ಇತ್ತು. ದಿನಾಂಕ ಇತ್ತು. ಎಷ್ಟೋ ದಿನಗಳ ನಂತರ ಪೂರ್ತಿ ಉಸಿರು ಎಳೆದುಕೊಂಡಳು. ಮಗಳು ಉಳಿದಳು, ಮನೆ ಉಳಿಯಿತು, ನಾಳೆ ಗಾಜಿನ ಹಿಂದಿನ ಹೆಂಗಸಿಗೆ ತೋರಿಸಿದರೆ ಮುಗಿಯಿತು. ಪಾಸ್‌ಪೋರ್ಟನ್ನು ಎದೆಗೊತ್ತಿಕೊಂಡು ಅಳುತ್ತಲೇ ನಕ್ಕಳು.

ನಗು ಅರ್ಧಕ್ಕೇ ನಿಂತಿತು. ಮೊದಲ ಪುಟದಿಂದ ಗಂಡ ಅವಳನ್ನೇ ನೋಡುತ್ತಿದ್ದ.

"ಹಾಗಾದ್ರೆ ಅವರು..." ಎಂದಳು ಇಸ್ತ್ರಿಯಕ್ಕ. "ಅವರು ಹಾಗೇ ಹೋದ್ರೇನೇ? ಜೇಬಲ್ಲಿ ಏನೂ ಇಲ್ದೆ?"

"ಅದಕ್ಕೇ ಅಮ್ಮ," ಎಂದಳು ಮಗಳು, "ಇಷ್ಟು ವರ್ಷ ನಿಂಗೆ ಹೇಳ್ಲಿಲ್ಲ." ತಾಯಿಯ ಕೈ ಹಿಡಿದುಕೊಂಡಳು.