ನಡುವಿನ ಖಾಲಿ ಡಬ್ಬಿ

ಅಜ್ಜ ಸೇನಾ ಡಿಪೋವೊಂದರ ಒಳಗಿನ ಹಳಿಗಳ ಮೇಲೆ ಉಗಿ ಇಂಜಿನ್ ಓಡಿಸುತ್ತಿದ್ದವರು. ಪಾರ್ಶ್ವವಾಯುವಾದ ಮೇಲೆ, ಭದ್ರಾವತಿಯ ಮನೆಯಲ್ಲಿ ವಾರಗಟ್ಟಲೆ ಒಂದು ಮಾತೂ ಆಡಿರಲಿಲ್ಲ. ನೆನಪೂ ಹೋಗಿದೆಯೇನೋ ಎಂದು ನಾವು ಹೆದರಿದ್ದೆವು. ಅಂಥ ರೈಲುಗಳ ಬಗ್ಗೆಯೇ ನಾನು ಸಂಶೋಧನಾ ಪ್ರಬಂಧ ಬರೆಯುತ್ತಿದ್ದೆ. ಒಂದು ಭಾನುವಾರ ಶಿವಮೊಗ್ಗದಿಂದ ಹೋದಾಗ, ಅದಕ್ಕೆಂದು ಬರೆದಿದ್ದ ಚಿತ್ರವನ್ನು ಅವರಿಗೆ ತೋರಿಸಿದೆ. ಅದರಲ್ಲಿ ಇಂಜಿನ್ನಿನ ಹಿಂದೆಯೇ ಮದ್ದುಗುಂಡು ತುಂಬಿದ ಗೂಡ್ಸ್ ಡಬ್ಬಿ ಇತ್ತು. ಅಜ್ಜನ ಬೆರಳು ಅವೆರಡರ ನಡುವೆ ಬಂದು ನಿಂತಿತು.

"ಇಲ್ಲಿ ಖಾಲಿ ಡಬ್ಬಿ," ಎಂದರು ತೊದಲುತ್ತಾ. "ಕಿಡಿ ಹಾರತ್ತೆ, ಮಾರಾಯ್ತಿ."

ಅಜ್ಜಿ ಅಡುಗೆಮನೆಯಿಂದ ಓಡಿ ಬಂದರು. "ಇಷ್ಟು ದಿನ ನಾನು ಕರೆದ್ರೆ ಮಾತಿಲ್ಲ, ಈಗ ಖಾಲಿ ಡಬ್ಬಿ ಬೇಕಂತೆ ಇವ್ರಿಗೆ," ಎನ್ನುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಎದೆ ಹಗುರವಾಯಿತು. "ಎಷ್ಟು ಖಾಲಿ ಡಬ್ಬಿ, ಅಜ್ಜ?" ಎಂದು ಕೇಳಿದೆ.

ಅವರು ನಿಧಾನವಾಗಿ ಮೂರು ಬೆರಳು ಎತ್ತಿದರು.