ಅತ್ತೆಯ ತೊಡೆಯ ಮೇಲೆ ನನ್ನ ಪಾದ

ನಿದ್ದೆಯಿಲ್ಲದೆ ಸಾಯುತ್ತೇನೆ ಅಂತ ನನಗೆ ಖಾತ್ರಿಯಾಗಿದ್ದ ಕಾಲ ಅದು. ತೊಂಬತ್ತರ ದಶಕ ಮುಗಿಯುತ್ತಿತ್ತು. ನನ್ನ ಮೂರು ತಿಂಗಳ ಕೂಸು ಜ್ವರದಲ್ಲಿ ಹೋಗಿ ಐದು ತಿಂಗಳಾಗಿತ್ತು. ಅವತ್ತಿನಿಂದ ಕಣ್ಣು ಮುಚ್ಚುತ್ತಿದ್ದೆನೇ ಹೊರತು ನಿದ್ದೆ ಹತ್ತುತ್ತಿರಲಿಲ್ಲ. ತಲೆ ಗಿರ್ ಅನ್ನುತ್ತಿತ್ತು. ಒಲೆಯ ಮುಂದೆ ಕೂತರೆ ಯಾಕೆ ಕೂತೆ ಅನ್ನುವುದೇ ಮರೆತುಹೋಗುತ್ತಿತ್ತು. ದಾವಣಗೆರೆಯ ಡಾಕ್ಟರು ರಕ್ತಗಿಕ್ತ ಎಲ್ಲ ಪರೀಕ್ಷೆ ಮಾಡಿಸಿ, "ಏನೂ ತೊಂದರೆ ಇಲ್ಲಮ್ಮ, ಧೈರ್ಯವಾಗಿರು" ಅಂದು ಗುಳಿಗೆ ಬರೆದುಕೊಟ್ಟರು. ಧೈರ್ಯ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಕೇಳಬೇಕೆನ್ನಿಸಿತು. ಗುಳಿಗೆ ನುಂಗಿದರೆ ಬಾಯಿ ಒಣಗುತ್ತಿತ್ತು, ಅಷ್ಟೇ.

ನಿದ್ದೆಗೆಟ್ಟಿದ್ದು ಕೂಸು ಹೋಗಿದ್ದರಿಂದ ಮಾತ್ರವಲ್ಲ. ಮಣ್ಣು ಮಾಡಿ ಬಂದ ದಿನ ನನ್ನ ಅತ್ತೆ ಪಡಸಾಲೆಯಲ್ಲಿ ಕೂತು, ಬಂದ ಹೆಂಗಸರೆಲ್ಲರ ಮುಂದೆ, "ಇಕಿ ಕಾಲ್ಗುಣಾನ ಸರಿ ಇಲ್ಲ ಬಿಡ್ರಿ" ಅಂದುಬಿಟ್ಟಿದ್ದರು. ಹೊಸ ಸೊಸೆ ಹೊಸ್ತಿಲು ದಾಟಿದಾಗ ಮನೆಗೆ ಬರುವ ಒಳ್ಳೆಯದೂ ಕೆಟ್ಟದ್ದೂ ಅವಳ ಕಾಲಿನ ಜೊತೆಗೇ ಬರುತ್ತದೆ ಅಂತ ನಮ್ಮ ಕಡೆ ನಂಬುತ್ತಾರೆ. ಅಂದರೆ ನನ್ನ ಕೂಸನ್ನು ನನ್ನ ಕಾಲೇ ತಿಂದಿತ್ತು! ನಾನು ಮಾತಿಗೆ ಮಾತು ಕೊಡುವವಳು, ತವರಿನಲ್ಲಿ ನನಗೆ ಹರಕುಬಾಯಿ ಅಂತಲೇ ಹೆಸರು. ಅವತ್ತು ಮಾತ್ರ ನಾಲಿಗೆ ಏಳಲಿಲ್ಲ. ಅಳು ಕೂಡ ಬರಲಿಲ್ಲ. ಮರುದಿನದಿಂದ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಎಂದಿನಂತೆ ಅವರ ಕಾಲಿಗೆ ಬಿದ್ದು ಏಳುತ್ತಿದ್ದೆ. ಒಳಗೆ ಮಾತ್ರ ಅವರನ್ನು ಹರಿದು ತಿನ್ನುವಷ್ಟು ಸಿಟ್ಟಿತ್ತು.

ಕೊಟ್ಟೂರಿನ ಕಲ್ಯಾಣ ಮಂಟಪದಲ್ಲಿ ಅಂಗಾಲು ಒತ್ತಿ ಆರಾಮ ಮಾಡುವ ಶಿಬಿರ ನಡೆದಿದೆ ಅಂತ ಸುದ್ದಿ ತಂದವರು ನನ್ನ ಗಂಡ. ಅವರು ಹರಪನಹಳ್ಳಿ ಕಡೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಕರೆದುಕೊಂಡು ಹೋದವರು ಅತ್ತೆ. ನಾನು ಹೊರಟಿದ್ದು ಆಸೆಯಿಂದಲ್ಲ. ನೀರಿಗೆ ಹೋದಾಗ ಬಾವಿಯೊಳಗೆ ಇಣುಕಿ ನೋಡುತ್ತ ನಿಂತುಬಿಡುತ್ತಿದ್ದೆ. ನನಗೆ ನನ್ನದೇ ಭಯ ಹತ್ತಿತ್ತು.

ಶಿಬಿರ ನಡೆಸುತ್ತಿದ್ದವರು ತಲೆ ನರೆತ ನಿವೃತ್ತ ಮೇಷ್ಟ್ರು. ಗೋಡೆಯ ಮೇಲೆ ಎರಡು ದೊಡ್ಡ ಅಂಗಾಲಿನ ಚಿತ್ರ, ಮೇಲೆ 'ರಿಫ್ಲೆಕ್ಸಾಲಜಿ' ಅಂತ ಬರೆದಿತ್ತು. ಮೈಯ ಒಂದೊಂದು ಭಾಗಕ್ಕೂ ಅಂಗಾಲಿನಲ್ಲಿ ಒಂದೊಂದು ಜಾಗ: ಹೆಬ್ಬೆರಳಲ್ಲಿ ತಲೆ, ಬೆರಳುಗಳ ಕೆಳಗಿನ ಉಬ್ಬಿನಲ್ಲಿ ಎದೆ, ನಡುವೆ ಹೊಟ್ಟೆ. "ಇದು ಔಷಧಿ ಅಲ್ರಿ. ಡಾಕ್ಟರ್ ಕೊಟ್ಟಿದ್ದು ಬಿಡಬ್ಯಾಡ್ರಿ. ಮೈಗೆ, ಮನಸ್ಸಿಗೆ ಒಂದೀಟು ಹಗುರ ಆಗ್ತೈತಿ, ಅಷ್ಟ" ಅಂದರು. ಆಮೇಲೆ "ಯಾರು ಮೊದಲು ಬರ್ತೀರಿ, ಕಾಲು ಕೊಡ್ರಿ" ಅಂದಾಗ ನೋಡಬೇಕಿತ್ತು! ಅಲ್ಲಿದ್ದ ಹೆಂಗಸರೆಲ್ಲ ಕಾಲು ಸೀರೆಯೊಳಗೆ ಎಳೆದುಕೊಂಡರು. ಹಿರಿಯರ ಕೈಗೆ ಯಾರಾದರೂ ಕಾಲು ಕೊಡುತ್ತಾರೆಯೇ? ಒಬ್ಬಾಕೆಯಂತೂ ಎದ್ದು ಹೋಗಿ ಮೇಷ್ಟ್ರ ಕಾಲಿಗೇ ಬಿದ್ದು ಬಂದಳು. ಕೊನೆಗೆ ಅವರು ತಮ್ಮ ಕಾಲನ್ನೇ ಒತ್ತಿ ತೋರಿಸಿ, ಮನೆಯಲ್ಲಿ ಯಾರಾದರೂ ದಿನಾ ಹೀಗೆ ಒತ್ತಬೇಕು ಅಂದರು. ನಮ್ಮಲ್ಲಿ ಗಂಡ ಹೆಂಡತಿಯ ಕಾಲು ಮುಟ್ಟುವ ಮಾತೇ ಇಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ನನಗ ಕಲಿಸ್ರಿ" ಅಂದರು.

ಮನೆಗೆ ಬಂದ ಮರುದಿನ ಮಧ್ಯಾಹ್ನ ಉಂಡ ಮೇಲೆ, ಬಟ್ಟಲಲ್ಲಿ ಕುಸುಬಿ ಎಣ್ಣೆ ಹಿಡಿದುಕೊಂಡು ಬಂದು ಕೂತರು.

"ಅತ್ತಿ, ಬ್ಯಾಡ್ರಿ. ನನಗ ಪಾಪ ಬರ್ತೈತಿ."

"ಬಂದ್ರ ಅರ್ಧ ನನಗ ಕೊಡು. ಚಾಚು ಕಾಲು."

ಚಾಚಿದೆ. ಜೋಳದ ರೊಟ್ಟಿ ತಟ್ಟಿ ತಟ್ಟಿ ಗಟ್ಟಿಯಾದ ಆ ಹೆಬ್ಬೆರಳುಗಳು ನನ್ನ ಅಂಗಾಲಿಗೆ ತಾಗಿದ್ದೇ ತಡ, ಮೈಯೆಲ್ಲ ಕೊರಡಾಯಿತು. ಮುಂಜಾನೆ ನಾನು ಬಿದ್ದೇಳುವುದು ಇವರ ಕಾಲಿಗೆ. ಮಧ್ಯಾಹ್ನ ಇವರ ತೊಡೆಯ ಮೇಲೆ ನನ್ನ ಕಾಲು, ಅದೂ ಇವರೇ ಹಳಿದ ಕಾಲು. ನಾಚಿಕೆ, ಸಿಟ್ಟು, ಹೆದರಿಕೆ ಎಲ್ಲ ಒಟ್ಟಿಗೇ ಬಂದವು. ಇದು ಬೇಗ ಮುಗಿದರೆ ಸಾಕು ಅಂತ ನಿದ್ದೆ ಬಂದವಳ ಹಾಗೆ ಬಿದ್ದುಕೊಂಡೆ. ಸಣ್ಣಗೆ ಗೊರಕೆಯನ್ನೂ ಹೊಡೆದೆ. ಅವರು ಎದ್ದು ಹೋಗಲೇ ಇಲ್ಲ, ಒತ್ತುತ್ತಲೇ ಇದ್ದರು. ಹತ್ತು ದಿನ ಇದೇ ನಾಟಕ. ಕೊನೆಯದಾಗಿ ಉಳಿದಿದ್ದ ದಾರಿಯನ್ನೂ ನಾನೇ ಸುಳ್ಳು ನಿದ್ದೆ ಮಾಡಿ ಮುಚ್ಚಿಕೊಂಡೆನಲ್ಲ ಅಂತ ಎದೆ ಕುಸಿಯಿತು. ಇನ್ನು ಎಲ್ಲಿಗೆ ಹೋಗಲಿ, ಯಾರನ್ನು ಕೇಳಲಿ?

ಹನ್ನೊಂದನೆಯ ದಿನ ಅತ್ತೆ ನನ್ನ ಹೆಬ್ಬೆರಳು ಹಿಡಿದು ಅಲ್ಲಾಡಿಸಿದರು. "ಕಣ್ಣು ತೆಗಿ. ಮಲಗಿದೋರ ಬೆರಳು ಹಿಂಗ ಸೆಟೆದು ನಿಲ್ಲಂಗಿಲ್ಲ. ಮೊದಲ ದಿನಾನ ಗೊತ್ತಾಗೇತಿ ನನಗ."

ನನ್ನ ಹರಕುಬಾಯಿ ಆಗ ತೆರೆಯಿತು. "ಗೊತ್ತಿದ್ದು ಯಾಕ ಮುಟ್ಟಿದ್ರಿ? ನನ್ನ ಕೂಸನ್ನ ತಿಂದ ಕಾಲು ಅಲ್ರೇನು ಇದು? ಬಿಡ್ರಿ, ನಿಮಗೂ ಹತ್ತೀತು!" ಅಂತ ಕಿರುಚಿ ಕಾಲು ಎಳೆದುಕೊಂಡೆ. ಅವರು ಬಿಡಲಿಲ್ಲ. ಎಣ್ಣೆಗೈಯಲ್ಲಿ ಇನ್ನೂ ಬಿಗಿಯಾಗಿ ಹಿಡಿದರು.

"ಕೆಟ್ಟ ಮಾತು ಆಡೀನಿ. ಅತ್ತಿ ಆದಾಕಿ ಸೊಸಿ ಕಾಲಿಗೆ ಬೀಳಾಕ ಬರಂಗಿಲ್ಲವ್ವ. ಒತ್ತಾಕ ಬರ್ತೈತಿ" ಅಂದರು.

ಐದು ತಿಂಗಳ ಅಳು ಆಗ ಬಂತು. ಬಿಕ್ಕಿ ಬಿಕ್ಕಿ, ಉಸಿರು ಸಿಕ್ಕಿಹಾಕಿಕೊಳ್ಳುವಂತೆ ಅತ್ತುಬಿಟ್ಟೆ. ಅತ್ತೆ ಬೆರಳುಗಳ ಕೆಳಗಿನ ಉಬ್ಬನ್ನು ಒತ್ತುತ್ತ ಕೂತರು. ಯಾವಾಗ ಕಣ್ಣು ಹತ್ತಿತೋ ಗೊತ್ತಿಲ್ಲ. ಎಚ್ಚರವಾದಾಗ ಬಿಸಿಲು ಅಂಗಳದಿಂದ ಹೋಗಿತ್ತು. ಅವರು ಕೂತಲ್ಲೇ ಕೂತಿದ್ದರು, ನನ್ನ ಕಾಲು ಅವರ ತೊಡೆಯ ಮೇಲೇ ಇತ್ತು.

"ಎದ್ದ್ಯಾ? ಹಂಗಾರ ಈಗ ನನ್ನ ಎಬ್ಬಿಸು. ಕಾಲು ಎರಡೂ ಜೋಮು ಹಿಡಿದಾವು. ಅಳ್ಳಾಡಿದ್ರ ನಿನಗ ಎಚ್ಚರಾದೀತು ಅಂತ ಹಂಗ ಕುಂತೀನಿ."

ಅಂಥ ನಿದ್ದೆ ಆಮೇಲೆ ದಿನಾ ಬರಲಿಲ್ಲ. ವಾರಕ್ಕೆ ಒಮ್ಮೆ ಬಂದರೆ ಹೆಚ್ಚು. ಕೂಸಂತೂ ತಿರುಗಿ ಬರುವುದಲ್ಲ. ಆದರೆ ಆ ನಿದ್ದೆಯ ಮರುದಿನ ಮುಂಜಾನೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಕಾಲಿಗೆ ಬೀಳಲು ಹೋದಾಗ ಅತ್ತೆ ತಮ್ಮ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡರು.